ಎಲ್ಲೆಕಲ್ಲಿನ ಬಳಿ ಕೂತವರು

ಕುದುರೆಗಾಡಿಯ ಸದ್ದು ಕೇಳಿದರೆ ಸಾಕು, ಇವತ್ತಿಗೂ ನಾನು ಮೊದಲು ನೋಡುವುದು ರಸ್ತೆಯ ನಡುಮಧ್ಯವನ್ನು. ಅಲ್ಲಿ ಯಾರೂ ಇಲ್ಲವೆಂದು ಖಾತ್ರಿಯಾದ ಮೇಲೆಯೇ ಗಾಡಿಯಲ್ಲಿ ಯಾರಿದ್ದಾರೆಂದು ನೋಡುತ್ತೇನೆ. ಕಡೂರು ಸ್ಟೇಷನ್ನಿನ ಮುಂದೆ ಜಟಕಾಗಳು ಸಾಲಾಗಿ ನಿಂತಿರುತ್ತವೆ. ಸುಮ್ಮನೆ ನಿಂತ ಗಾಡಿಗಳು. ಆದರೂ ಅವುಗಳ ಪಕ್ಕ ಹಾದುಹೋಗುವಾಗ ನಾನು ರಸ್ತೆಯ ಆಚೆ ಬದಿಗೆ ಸರಿದುಬಿಡುತ್ತೇನೆ. ಜೊತೆಗಿದ್ದವರು ಏನಾಯಿತೆಂದು ಕೇಳಿದರೆ ಬಿಸಿಲು ಎನ್ನುತ್ತೇನೆ. ಆರು ವರ್ಷವಾಯಿತು.

ಆಗ ನಾನು ಮೈಸೂರಿನ ಕಾಲೇಜಿನಲ್ಲಿ ಬಿ.ಎ. ಮುಗಿಸಿ ಊರಿಗೆ ಬಂದಿದ್ದೆ. ನಮ್ಮೂರು ಚೌಳಹಿರಿಯೂರಿನಿಂದ ಮೂರು ಮೈಲಿ. ಬೆದ್ದಲು ಹೊಲ, ತೆಂಗಿನ ತೋಟ, ಮಠದ ನಂಟು ಎಲ್ಲವೂ ಇದ್ದ ಮನೆ ನಮ್ಮದು. ಊರ ಹೊರಗಿನ ಕೇರಿಯವರು ತಲೆಮಾರುಗಳಿಂದ ನಮ್ಮಂಥವರ ಹೊಲಗಳಲ್ಲಿ ದುಡಿಯುತ್ತಿದ್ದರು. ತಮ್ಮದು ಎಂದು ಹೇಳಿಕೊಳ್ಳಲು ಅವರಿಗೆ ಒಂದು ಗೇಣು ನೆಲವೂ ಇರಲಿಲ್ಲ. ಇದ್ದದ್ದು ಕಾವಲಿನ ಅಂಚಿನ ಆಸೆ ಮಾತ್ರ.

ಸರ್ಕಾರದ ದನಗಳಿಗೆಂದು ಮೀಸಲಿಟ್ಟ ಹುಲ್ಲುಗಾವಲನ್ನು ನಮ್ಮ ಕಡೆ ಕಾವಲು ಎನ್ನುತ್ತಾರೆ. ಚೌಳಹಿರಿಯೂರಿನಿಂದ ಅಜ್ಜಂಪುರಕ್ಕೆ ಹೋಗುವ ರಸ್ತೆಯ ಬಲಕ್ಕೆ ಅಂಥದೊಂದು ಕಾವಲಿತ್ತು. ಅದರ ಅಂಚಿನ ಪಟ್ಟಿ ಬರೀ ಕಲ್ಲು. ದನಗಳೂ ಅಲ್ಲಿಗೆ ಮೂತಿ ಹಾಕುತ್ತಿರಲಿಲ್ಲ. ಕೇರಿಯವರು ವರ್ಷಗಟ್ಟಲೆ ಕಲ್ಲು ಆಯ್ದು, ಜಾಲಿ ಕಡಿದು, ಅಲ್ಲಿ ಹುರುಳಿ, ಹಾರಕ, ಒಂದಿಷ್ಟು ರಾಗಿ ಬಿತ್ತಿಕೊಂಡಿದ್ದರು. ಯಾರೂ ಕೇಳಿರಲಿಲ್ಲ. ಆಮೇಲೆ ಹೊಸದಾಗಿ ಅಳತೆಯಾಯಿತು. ರಸ್ತೆಯ ಮಗ್ಗುಲಿಗೇ ಮೊಣಕಾಲುದ್ದದ ಅಗಳು ತೋಡಿ, ಎಲ್ಲೆಕಲ್ಲು ನೆಟ್ಟರು. ಆ ಪಟ್ಟಿಯಷ್ಟೂ ಕಾವಲಿನ ಒಳಗೆ ಸೇರಿಹೋಯಿತು.

ಆ ನೆಲವನ್ನು ತಮಗೇ ಮಂಜೂರು ಮಾಡಬೇಕೆಂದು ನಾನೇ ಅವರಿಗೆ ದರಖಾಸ್ತು ಬರೆದುಕೊಟ್ಟೆ. ಮನೆಗೊಂದು ಅರ್ಜಿ. ತಾಲ್ಲೂಕಿನ ಅಧಿಕಾರಿ ಅಮಲ್ದಾರರಿಂದ ಬಂದ ಉತ್ತರವನ್ನೂ ನಾನೇ ಓದಿ ಹೇಳಿದೆ: ಅಮಲ್ದಾರರು ಖುದ್ದಾಗಿ ಸ್ಥಳ ನೋಡುತ್ತಾರೆ. ನೋಡುವ ತನಕ ಯಾರೂ ಎಲ್ಲೆಕಲ್ಲು ದಾಟಕೂಡದು. ದಾಟಿದರೆ ಅಂಥವರ ದರಖಾಸ್ತು ಅಲ್ಲಿಗೇ ವಜಾ.

ಅಮಲ್ದಾರರು ಎರಡು ಸಲ ಆ ರಸ್ತೆಯಲ್ಲೇ ಹೋದರು. ಹೋಬಳಿಯ ಕೆಲಸ ಮುಗಿಸಿ ಅಜ್ಜಂಪುರದಲ್ಲಿ ರೈಲು ಹಿಡಿದು ಕಡೂರಿಗೆ ವಾಪಸಾಗುವುದು ಅವರ ವಾಡಿಕೆ. ಎರಡು ಸಲವೂ ರೈಲಿಗೆ ಹೊತ್ತಾಯಿತೆಂದು ಗಾಡಿ ನಿಲ್ಲಿಸಲಿಲ್ಲ. ಎರಡು ಸಲವೂ ಕೇರಿಯವರು ಬೆಳಗಿನಿಂದ ರಸ್ತೆಯ ಅಂಚಿನಲ್ಲಿ ನಿಂತಿದ್ದು, ಧೂಳು ಕುಡಿದು ಹಿಂದಿರುಗಿದರು.

ಇಲ್ಲಿ ಒಬ್ಬ ಹೆಂಗಸಿನ ವಿಷಯ ಹೇಳಬೇಕು. ಆಕೆ ನಮ್ಮ ಮನೆಯ ಕೊಟ್ಟಿಗೆಯಲ್ಲಿ ಸಗಣಿ ಬಾಚುತ್ತಿದ್ದಳು. ಗಂಡ ಸತ್ತು ನಾಲ್ಕು ವರ್ಷವಾಗಿತ್ತು. ಇದ್ದವಳು ಒಬ್ಬಳೇ ಮಗಳು. ಕಾವಲಿನ ಅಂಚಿನ ಪಟ್ಟಿಯಲ್ಲಿ ಆಕೆಯ ತಾಕು ಯಾವುದೆಂದು ದೂರದಿಂದಲೇ ಹೇಳಬಹುದಿತ್ತು. ಗಂಡ ಆಯ್ದು ಹಾಕಿದ ಕಲ್ಲುಗಳ ಗುಡ್ಡೆ ಅಲ್ಲಿ ಆಳೆತ್ತರಕ್ಕೆ ನಿಂತಿತ್ತು. ದರಖಾಸ್ತು ಬರೆಸಲು ಬಂದ ದಿನ ಆಕೆ ನಮ್ಮ ಜಗಲಿಯ ಕೆಳಗೆ ನಿಂತು, ಒಳಗೆ ಅವ್ವನಿಗೆ ಕೇಳಿಸಬಾರದೆಂದು ದನಿ ತಗ್ಗಿಸಿ ಹೇಳಿದ್ದಳು:

"ಚಿಕ್ಕಬುದ್ಧಿ, ಯುಗಾದಿ ಕಳೀಲಿ, ಮಗಳನ್ನೂ ಕೆಲ್ಸಕ್ಕೆ ಕರ್ಕಂಬಾ ಅಂದವ್ರೆ ಅವ್ವಾರು. ಆ ತಾಕು ಸಿಕ್ರೆ ಅವ್ಳು ನಿಮ್ ಕೊಟ್ಗೆಗೆ ಬರಾದು ಬ್ಯಾಡ. ತಪ್ಪು ತಿಳ್ಕಾಬ್ಯಾಡಿ."

ನಾನು ತಪ್ಪು ತಿಳಿಯಲಿಲ್ಲ. ಆದರೆ ಮುಖಕ್ಕೆ ಬಿಸಿ ತಾಗಿದಂತಾಯಿತು. ಆಕೆಯ ಅರ್ಜಿಯನ್ನು ಎಲ್ಲಕ್ಕಿಂತ ದುಂಡಾಗಿ ಬರೆದೆ.

ಎರಡನೆಯ ಸಲ ಗಾಡಿ ನಿಲ್ಲದೆ ಹೋದ ಮೇಲೆ ಕೇರಿಯ ಯಜಮಾನ ಬಂದ. ಬೆನ್ನು ಬಾಗಿದ ಮುದುಕ. ಊರುಗೋಲು ಹಿಡಿದು ನಮ್ಮ ಕಣದ ಮೂಲೆಯಲ್ಲಿ ನಿಂತು, "ಮುಂದೇನ್ ಮಾಡಾದು ಬುದ್ಧಿ?" ಎಂದ.

ಬ್ರಿಟಿಷ್ ಸೀಮೆಯಲ್ಲಿ ಜನ ಕೈಯಲ್ಲಿ ಏನನ್ನೂ ಹಿಡಿಯದೆ, ಯಾರನ್ನೂ ಬಯ್ಯದೆ, ಸುಮ್ಮನೆ ನಡೆದುಹೋಗಿ ಕೂತುಬಿಡುತ್ತಾರೆಂದು ನಾನು ಮೈಸೂರಿನಲ್ಲಿ ಪತ್ರಿಕೆಗಳಲ್ಲಿ ಓದಿದ್ದೆ. ಹಾಸ್ಟೆಲಿನಲ್ಲಿ ಅದನ್ನೇ ರಾತ್ರಿಯೆಲ್ಲಾ ಚರ್ಚೆ ಮಾಡುತ್ತಿದ್ದೆವು. ಚರ್ಚೆ ಮಾಡುವುದು ಸುಲಭ. ನಾನು ಯಜಮಾನನಿಗೆ ಹೇಳಿದೆ: "ಎಲ್ಲರೂ ನಡೆದುಕೊಂಡು ಹೋಗೋಣ. ಎಲ್ಲೆಕಲ್ಲಿನ ಎದುರು, ರಸ್ತೆ ಮೇಲೆ ಕೂರೋಣ. ರಸ್ತೆ ಎಲ್ಲರದು, ಕಾವಲು ದಾಟಿದ ಹಾಗಾಗಲ್ಲ. ಗಾಡಿ ನಿಲ್ಲಲೇಬೇಕು. ನಿಂತರೆ ಇಳೀತಾರೆ, ಇಳಿದರೆ ನೋಡ್ತಾರೆ."

"ಕುಂತ್ಕಂಡು ನೆಲ ಕೇಳಾದಾ?"

"ಹೌದು."

ಮುದುಕ ಊರುಗೋಲನ್ನು ಇನ್ನೊಂದು ಕೈಗೆ ಬದಲಿಸಿದ. "ನಿಂತ್ಕಂಡ್ ಕೇಳಿದ್ದಾತು. ಕಾಲಿಗ್ ಬಿದ್ದೂ ಆತು. ಇದೊಂದ್ ಉಳ್ದಿತ್ತು ನೋಡು," ಎಂದ.

ಅಪ್ಪನಿಗೆ ಸುದ್ದಿ ಮುಟ್ಟಲು ತಡವಾಗಲಿಲ್ಲ. ಊಟಕ್ಕೆ ಕೂತಾಗ ಶುರುಮಾಡಿದರು. "ಲೇ, ನಿನ್ನ ಮೈಸೂರಿಗೆ ಕಳ್ಸಿದ್ದು ಕಚೇರೀಲಿ ಕುರ್ಚಿ ಮೇಲೆ ಕೂರ್ಲಿ ಅಂತ ಕಣೋ. ನೀನು ಬಂದು ಕೇರಿಯೋರಿಗೆ ರಸ್ತೆ ಮೇಲೆ ಕೂರೋದು ಕಲ್ಸ್ತಿದೀಯಲ್ಲೋ! ಅದಕ್ಕೆ ಬಿ.ಎ. ಬೇಕಿತ್ತಾ?"

ಅಪ್ಪ ತಟ್ಟೆಯಿಂದ ಕೈ ತೆಗೆದು, ಬೇರೆಯೇ ದನಿಯಲ್ಲಿ ಅಂದರು: "ಯಾರಿಗಾದ್ರೂ ಏನಾದ್ರೂ ಆದ್ರೆ ಆ ಕೇರೀಗೆ ಹೋಗಿ ನೀನು ಏನ್ ಹೇಳ್ತೀಯ? ಅದನ್ನ ಯೋಚ್ನೆ ಮಾಡಿದೀಯಾ?"

ಮಾಡಿರಲಿಲ್ಲ.

ಹೋಗುವ ಹಿಂದಿನ ಎರಡು ಸಂಜೆ ಕೇರಿಯ ಮುಂದಿನ ಬಯಲಿನಲ್ಲಿ ಅಭ್ಯಾಸ ನಡೆಯಿತು. ಇದನ್ನು ಬರೆಯುವಾಗ ನನಗೆ ನಾಚಿಕೆಯಾಗುತ್ತದೆ, ಏಕೆಂದರೆ ಆಗ ನಾನು ಬಹಳ ಖುಷಿಯಲ್ಲಿದ್ದೆ. ಕೇರಿಯವನೇ ಒಬ್ಬ ಅಮಲ್ದಾರನಾದ. ಅವನಿಗೆ ನನ್ನ ಕರೀ ಕೋಟು ತೊಡಿಸಿ, ತಲೆಗೆ ಪಂಚೆಯ ರುಮಾಲು ಸುತ್ತಿ, ಎತ್ತಿನಗಾಡಿಯಲ್ಲಿ ಕೂರಿಸಿದರು. ಗಾಡಿ ಬಂತು. ಜನ ಕೂತೇ ಇದ್ದರು.

"ಏಳ್ರಲೇ, ದಾರಿ ಬಿಡ್ರಲೇ! ನಾನು ಅಮಲ್ದಾರ ಕಣ್ರಲೇ!" ಎಂದು ಅವನು ಮೀಸೆ ತಿರುವಿದ.

"ಹೋಗಲೋ, ಕೋಟು ಮೊಣಕಾಲಿಗ್ ಬಂದೈತೆ, ಮೊದ್ಲು ಅದನ್ ನೋಡ್ಕ!" ಎಂದು ಒಬ್ಬಳು ಕೂಗಿದಳು. ಎಲ್ಲರೂ ಹೊಟ್ಟೆ ಹಿಡಿದು ನಕ್ಕರು. ಎತ್ತುಗಳು ನಿಂತವು. ನಾಲ್ಕು ಸಲ ಮಾಡಿಸಿದೆ. ನಾಲ್ಕು ಸಲವೂ ಒಬ್ಬರೂ ಏಳಲಿಲ್ಲ. ಇವರಿಗೆ ಇನ್ನು ಕಲಿಸುವುದೇನೂ ಇಲ್ಲವೆಂದುಕೊಂಡು ಮನೆಗೆ ಹೋಗಿ ಚೆನ್ನಾಗಿ ನಿದ್ದೆ ಮಾಡಿದೆ. ಅವರು ಕೂತದ್ದು ತಮ್ಮವನ ಮುಂದೆ ಎಂಬುದು ನನಗೆ ಹೊಳೆಯಲೇ ಇಲ್ಲ.

ಅಮಲ್ದಾರರು ಚೌಳಹಿರಿಯೂರಿನಲ್ಲಿದ್ದ ದಿನ ನೋಡಿಕೊಂಡು ಬೆಳಿಗ್ಗೆಯೇ ಹೊರಟೆವು. ಕೇರಿಯಿಂದ ಐವತ್ತು ಜನ. ದಾರಿಯಲ್ಲಿ ಇನ್ನೆರಡು ಹಳ್ಳಿಗಳ ಕೇರಿಯವರು ಸೇರಿ ಎಂಬತ್ತರ ಹತ್ತಿರವಾದರು. ಕೋಲು, ಕುಡುಗೋಲು, ಕುರಿಯವರ ಬಡಿಗೆ ಯಾವುದೂ ಬೇಡವೆಂದಿದ್ದೆ. ಯಜಮಾನ ತನ್ನ ಊರುಗೋಲನ್ನೂ ಮನೆಯಲ್ಲಿ ಬಿಟ್ಟು, ಪಕ್ಕದವನ ಹೆಗಲು ಹಿಡಿದು ನಡೆದ. ಊರುಗೋಲು ಬೇಕಾದರೆ ತರಲಿ ಎಂದು ನಾನು ಹೇಳಬಹುದಿತ್ತು. ಹೇಳಲಿಲ್ಲ. ಹೆಂಗಸರ ಸೊಂಟದಲ್ಲಿ ಬುತ್ತಿಯ ಗಂಟು: ರಾಗಿ ರೊಟ್ಟಿ, ಹುಚ್ಚೆಳ್ಳು ಚಟ್ನಿ. ಸಾಲಾಗಿ, ರಸ್ತೆಯ ಒಂದೇ ಮಗ್ಗುಲಲ್ಲಿ, ಹೆಚ್ಚು ಮಾತಿಲ್ಲದೆ ನಡೆದೆವು. ಆ ಹೆಂಗಸು ಮಗಳನ್ನು ಮನೆಯಲ್ಲೇ ಬಿಟ್ಟು ಬಂದಿದ್ದಳು. "ಅವ್ಳು ಯಾಕಿಲ್ಲ?" ಎಂದೆ. "ಏನಾರ ಆದ್ರೆ ಒಬ್ರಾದ್ರೂ ಇರ್ಲಿ ಅಂತ," ಎಂದಳು. ಏನಾದರೂ ಆದರೆ ಎಂಬ ಮಾತನ್ನು ಆ ವಾರ ನಾನು ಎರಡನೆಯ ಸಲ ಕೇಳುತ್ತಿದ್ದೆ. ನಕ್ಕು, ಏನೂ ಆಗಲ್ಲ ಎಂದೆ.

ದಾರಿಯ ಊರೊಂದರ ಜಗಲಿಯ ಮೇಲಿದ್ದವನೊಬ್ಬ ಕೂಗಿದ: "ಏನ್ರಲೇ, ದಿಬ್ಬಣನಾ? ಹೆಣ್ಣೆಲ್ರಲೇ?"

ಯಜಮಾನ ನಿಲ್ಲದೆ ಹೇಳಿದ: "ಹೆಣ್ಣು ಕಾವ್ಲಾಗ್ ಕುಂತವ್ಳೆ ಸ್ವಾಮಿ. ಕೇಳಕ್ ಹೊಂಟೀವಿ."

"ಕೊಡ್ತಾರಾ?"

"ಕೊಡಾಗಂಟ ಮನೆ ಮುಂದ್ ಕುಂತಿರ್ತೀವಿ."

ಜಗಲಿಯವನು ನಕ್ಕ. ನಮ್ಮವರೂ ನಕ್ಕರು. ಆ ದಿನದ ಕೊನೆಯ ನಗು ಅದು.

ಎಲ್ಲೆಕಲ್ಲಿನ ಬಳಿ ತಲುಪಿದಾಗ ಸೂರ್ಯ ನೆತ್ತಿಯ ಮೇಲಿದ್ದ. ಆ ಜಾಗ ಹೇಗಿತ್ತೆಂದು ಸರಿಯಾಗಿ ಹೇಳಬೇಕು. ರಸ್ತೆಯ ಎಡಗಡೆ ದಟ್ಟವಾದ ಕತ್ತಾಳೆ ಬೇಲಿ, ನಾಯಿ ಕೂಡ ನುಗ್ಗುವಂತಿರಲಿಲ್ಲ. ಬಲಗಡೆ ಅಗಳು, ಅದರಾಚೆ ಕಾವಲು. ಅಗಳಿನ ಈಚೆ ದಡದಲ್ಲೇ ಎಲ್ಲೆಕಲ್ಲು. ಅಲ್ಲಿಂದ ಸ್ವಲ್ಪ ದೂರದಲ್ಲಿ ಆಕೆಯ ಕಲ್ಲುಗುಡ್ಡೆ ಕಾಣುತ್ತಿತ್ತು. ಒಳಗೆ ಜಾಲಿಮರದ ನೆರಳಿನಲ್ಲಿ ಕಾವಲಿನ ಪಹರೆಯವರು ಆರೇಳು ಜನ ಬಿದಿರು ದೊಣ್ಣೆ ಇಟ್ಟುಕೊಂಡು ಕೂತಿದ್ದರು. ನಾವು ಬರುವುದು ಅವರಿಗೆ ಗೊತ್ತಿತ್ತು. ಅವರಲ್ಲೊಬ್ಬ ಎದ್ದು ನಮ್ಮನ್ನು ತಲೆಯೆಣಿಸಿ, ಮತ್ತೆ ಕೂತ.

ಇದನ್ನೆಲ್ಲ ನಾನು ಆಗಲೇ ನೋಡಿದ್ದೆ. ಎಡಕ್ಕೆ ಬೇಲಿ, ಬಲಕ್ಕೆ ಅಗಳು. ನೋಡಿದ್ದೆ, ಆದರೆ ಯೋಚಿಸಲಿಲ್ಲ. ರಾತ್ರಿ ಎಚ್ಚರವಾದಾಗ ನಾನು ಆ ಜನರನ್ನು ಇನ್ನೂ ನೂರು ಗಜ ಮುಂದಕ್ಕೆ ಕರೆದುಕೊಂಡು ಹೋಗಿ, ಬೇಲಿಯಿಲ್ಲದ ಕಡೆ ಕೂರಿಸುತ್ತೇನೆ. ಅಲ್ಲಿ ಎಡಕ್ಕೆ ಸರಿಯಲು ಬಯಲಿದೆ. ಎಷ್ಟು ಸಲ ಕೂರಿಸಿದ್ದೇನೋ ಲೆಕ್ಕವಿಲ್ಲ.

ಜನ ರಸ್ತೆಯ ಮೇಲೆ ಕೂತರು. ರೊಟ್ಟಿ ತಿಂದರು. ಧೂಳು ಕಾಲಿಗೆ ಸುಡುತ್ತಿತ್ತು. ನಾನು ಮುಂದಿನ ಸಾಲಿನ ತುದಿಯಲ್ಲಿ, ಬೇಲಿಯ ಕಡೆ ಕೂತೆ. ಒಂದು ತಾಸು ಕಳೆಯಿತು, ಇನ್ನೊಂದು ಕಳೆಯಿತು. ಗಾಡಿ ಬರದೇ ಹೋದರೆ ಎಂಬ ಭಯ ಒಂದು ಕಡೆ, ಬಂದರೆ ಎಂಬ ಭಯ ಇನ್ನೊಂದು ಕಡೆ. ಬಾಯಿ ಒಣಗಿತ್ತು. ಯಾರೂ ನೀರು ಕೇಳಲಿಲ್ಲವಾದ್ದರಿಂದ ನಾನೂ ಕೇಳಲಿಲ್ಲ.

ಆಮೇಲೆ ಏರಿನ ಮೇಲೆ ಧೂಳು ಎದ್ದಿತು.

ಗಾಡಿ ಇಳಿಜಾರಿನಲ್ಲಿ ಜೋರಾಗಿಯೇ ಬರುತ್ತಿತ್ತು, ರೈಲಿನ ಹೊತ್ತು. ಒಂದೇ ಕುದುರೆ, ಕಂದು ಬಣ್ಣದ್ದು. ಮುಂದೆ ಹೊಡೆಯುವವನು, ಅವನ ಪಕ್ಕ ಡವಾಲಿ ತೊಟ್ಟ ಜವಾನ, ಹಿಂದೆ ಅಮಲ್ದಾರರು ಮತ್ತು ಹೋಬಳಿಯ ಶೇಕ್ದಾರ. ಜರಿ ಅಂಚಿನ ರುಮಾಲು ಬಿಸಿಲಿಗೆ ಹೊಳೆಯಿತು. ಜವಾನ ಎದ್ದು ನಿಂತು ಕೈ ಬೀಸಿದ. ಅವನು ಕೂಗಲೂ ಇಲ್ಲ. ಕೂಗಬೇಕಾಗಲೇ ಇಲ್ಲ.

ನನ್ನ ಪಕ್ಕದಲ್ಲಿ ಬಟ್ಟೆಯ ಸರಪರ ಸದ್ದಾಯಿತು. ತಿರುಗಿ ನೋಡಿದರೆ ಯಜಮಾನ ಎದ್ದು ನಿಂತಿದ್ದಾನೆ. ಕೆರ ಕಳಚಿದ್ದಾನೆ. ತಲೆವಸ್ತ್ರ ಬಿಚ್ಚಿ ಕಂಕುಳಲ್ಲಿ ಇಟ್ಟುಕೊಂಡಿದ್ದಾನೆ. ಅವನ ಹಿಂದೆ ಇನ್ನೊಬ್ಬ, ಅವನ ಹಿಂದೆ ಹತ್ತು ಜನ, ಆಮೇಲೆ ಎಲ್ಲರೂ. ಯಾರೂ ಹೆದರಿ ಓಡಲಿಲ್ಲ. ಇದನ್ನು ನಾನು ಕಂಡವರಿಗೆಲ್ಲ ಹೇಳಿದ್ದೇನೆ, ಯಾರೂ ನಂಬುವುದಿಲ್ಲ. ದೊಡ್ಡವರ ಗಾಡಿ ಬಂದಾಗ ಏಳಬೇಕು, ಕೆರ ಬಿಡಬೇಕು, ದಾರಿಯಿಂದ ಇಳಿದು ನಿಲ್ಲಬೇಕು. ನಡೆಯಲು ಕಲಿತ ದಿನದಿಂದ ಅವರ ಕಾಲುಗಳು ಮಾಡಿದ್ದ ಕೆಲಸ ಅದು. ಮನಸ್ಸು ಕೂತಿರಬೇಕೆಂದಿತ್ತು, ಮೈ ಎದ್ದುಬಿಟ್ಟಿತು. ಎದ್ದವರು ಇಳಿಯಬೇಕಾದರೆ ಎಡಕ್ಕೆ ಕತ್ತಾಳೆ. ಎಲ್ಲರೂ ಬಲಕ್ಕೆ ಇಳಿದರು. ಎಲ್ಲೆಕಲ್ಲು ದಾಟಿ, ಅಗಳು ದಾಟಿ, ಕಾವಲಿನೊಳಗೆ ಹೋಗಿ, ತಲೆ ತಗ್ಗಿಸಿ, ಮರ್ಯಾದೆಯಿಂದ ನಿಂತರು.

ನಾನು ಕಿರುಚಿದೆ: "ಕೂತ್ಕೊಳ್ಳಿ! ದಾಟಬೇಡಿ! ಕೂತ್ಕೊಳ್ಳಿ!"

ಕಿರುಚುವಾಗ ನಾನೇ ಎದ್ದು ನಿಂತಿದ್ದೆ, ಬೇಲಿಗೆ ಬೆನ್ನು ಹಚ್ಚಿ.

ಆಕೆ ಎಲ್ಲರಿಗಿಂತ ಹಿಂದಿದ್ದಳು. ಒಂದು ಕಾಲು ಆಗಲೇ ಅಗಳಿನಲ್ಲಿತ್ತು. ಆ ಕಾಲನ್ನು ಎತ್ತಿಕೊಂಡು ಅವಳು ಹಿಂದಿರುಗಿ ಬಂದಳು. ಖಾಲಿಯಾದ ರಸ್ತೆಯ ಮಧ್ಯಕ್ಕೆ ಬಂದು, ಸೀರೆಯ ನಿರಿಗೆ ಸರಿಮಾಡಿಕೊಂಡು ಕೂತಳು. ನಿರಿಗೆ ಸರಿಮಾಡಿಕೊಂಡಳು ಎಂಬುದು ನನಗೆ ಚೆನ್ನಾಗಿ ನೆನಪಿದೆ.

ಗಾಡಿ ಹೊಡೆಯುವವನು ಕಡಿವಾಣ ಎಳೆಯಲಿಲ್ಲ. ಅವನನ್ನು ನಾನು ಬೈಯಲಾರೆ. ಇಷ್ಟೂ ಜನ ಸರಿದಿದ್ದಾರೆ, ಇವಳೊಬ್ಬಳು ಸರಿಯದೆ ಏನು ಮಾಡುತ್ತಾಳೆ ಎಂದುಕೊಂಡಿರಬೇಕು. ಅವನ ಆಯುಷ್ಯದಲ್ಲಿ ಅಂಥವರು ಯಾರೂ ಸರಿಯದೆ ಇದ್ದದ್ದಿಲ್ಲ. ಎಳೆಯುವ ಹೊತ್ತಿಗೆ ಹತ್ತು ಮಾರು ಉಳಿದಿತ್ತು. ಕುದುರೆ ತಾನಾಗಿ ಮುಂಗಾಲೆತ್ತಿ ಬಲಕ್ಕೆ ಹೊರಳಿತು. ಗಾಡಿ ಅಡ್ಡಡ್ಡ ಜಾರಿತು. ಕಬ್ಬಿಣದ ಪಟ್ಟಿಯ ಗಾಲಿ ಕಲ್ಲಿನ ಮೇಲೆ ಉಜ್ಜಿದ ಸದ್ದು, ಆಮೇಲೆ ಇನ್ನೊಂದು ಸದ್ದು. ಆ ಎರಡನೆಯದನ್ನು ನಾನು ಬರೆಯಲಾರೆ. ಆಕೆ ಕಿರುಚಲಿಲ್ಲ. "ಅಯ್ಯಪ್ಪಾ" ಎಂದು ಒಮ್ಮೆ ಮೆಲ್ಲಗೆ ಅಂದಳು, ಭಾರ ಇಳಿಸುವಾಗ ಅನ್ನುವ ಹಾಗೆ.

ಅದೇ ಹೊತ್ತಿಗೆ ಕಾವಲಿನ ಒಳಗೆ ಪಹರೆಯವರು ದೊಣ್ಣೆ ಹಿಡಿದು ಓಡಿಬಂದಿದ್ದರು. ಎಲ್ಲೆ ದಾಟಿದವರನ್ನು ಹೊಡೆಯಿರಿ ಎಂದೇ ಅವರಿಗೆ ಹೇಳಿದ್ದರೋ ಏನೋ. ಎರಡು ಏಟು ಬಿದ್ದವು, ಹತ್ತು ಬಿದ್ದವು. ಕಟ್ಟುಮಸ್ತಾದ ಆಳುಗಳು ನಮ್ಮಲ್ಲಿ ಇಪ್ಪತ್ತು ಜನ ಇದ್ದರು. ಒಬ್ಬ ದೊಣ್ಣೆಯ ತುದಿಯನ್ನು ಹಿಡಿದೇಬಿಟ್ಟ. ಅವನು ಎಳೆದಿದ್ದರೆ? ಎಳೆದಿದ್ದರೆ ಅಂದು ಅಲ್ಲಿ ಏನಾಗುತ್ತಿತ್ತೆಂದು ನಾನು ಹಾಸಿಗೆಯ ಮೇಲೆ ಬೆವರುತ್ತಾ ಎಷ್ಟೋ ಸಲ ಕೊನೆಯವರೆಗೆ ನೋಡಿದ್ದೇನೆ.

"ಬಿಡಲೇ!" ಎಂದ ಯಜಮಾನ. ಆ ಬಾಗಿದ ಬೆನ್ನಿನಿಂದ ಅಷ್ಟು ದನಿ ಬಂತು. "ಕೈ ಕಟ್ಕಳ್ರೋ! ಎಲ್ಲಾ ಕೈ ಕಟ್ಕಳ್ರೋ!"

ಅವನು ದೊಣ್ಣೆ ಬಿಟ್ಟ. ಎಲ್ಲರೂ ಕೈ ಕಟ್ಟಿಕೊಂಡರು. ಕೈ ಕಟ್ಟಿ ನಿಂತವರ ಮೇಲೆ ಇನ್ನೂ ನಾಲ್ಕೈದು ಏಟು ಬಿದ್ದವು. ಆಮೇಲೆ ಪಹರೆಯವರಿಗೇ ಏನೋ ಸರಿಬರದೆ, ಅಮಲ್ದಾರರ ಕಡೆ ನೋಡುತ್ತಾ ನಿಂತುಬಿಟ್ಟರು.

ಅಮಲ್ದಾರರು ಗಾಡಿಯಿಂದ ಇಳಿದಿದ್ದರು. ನನಗಿಂತ ಹತ್ತು ವರ್ಷ ದೊಡ್ಡವರಿರಬಹುದು. ರುಮಾಲು ವಾರೆಯಾಗಿತ್ತು, ಮುಖ ಬಿಳಿಚಿತ್ತು. ಅವರು ಆಕೆಯ ಕಾಲನ್ನು ನೋಡಿದರು, ಕೂಡಲೇ ಬೇರೆ ಕಡೆ ನೋಡಿದರು. ಯಜಮಾನ ಹಿಂದಿರುಗಿ ಬಂದು ತನ್ನ ತಲೆವಸ್ತ್ರದಿಂದ ಆ ಕಾಲನ್ನು ಸುತ್ತುತ್ತಿದ್ದ. ಬಟ್ಟೆ ತೊಯ್ಯುತ್ತಲೇ ಇತ್ತು.

"ನೀವು ಬಿ.ಎ. ಅಲ್ಲವೇ?" ಎಂದು ಅಮಲ್ದಾರರು ನನ್ನನ್ನು ಕೇಳಿದರು.

"ಹೌದು."

"ಇವರೆಲ್ಲ ಎಲ್ಲೆ ದಾಟಿದ್ದಾರೆ. ಹುಕುಂ ಏನಿತ್ತೆಂದು ನಿಮಗೆ ಗೊತ್ತು."

"ತಮ್ಮ ಗಾಡಿಗೆ ದಾರಿ ಬಿಡಲು ದಾಟಿದರು, ಸ್ವಾಮಿ."

"ಯಾತಕ್ಕೆ ದಾಟಿದರು ಅಂತ ಹುಕುಮಿನಲ್ಲಿ ಕೇಳಿಲ್ಲ. ದಾಟಿದರೋ ಇಲ್ಲವೋ, ಅಷ್ಟೇ. ಮಹಜರು ಆಗಬೇಕು. ಎಲ್ಲರ ದರಖಾಸ್ತೂ ಹೋಗುತ್ತದೆ."

ನನ್ನ ಬಾಯಿಂದ ಮಾತು ಬಂತು, ಎಲ್ಲಿಂದ ಬಂತೋ: "ಹಾಗಾದರೆ ಗಾಡಿ ಹರಿದದ್ದೂ ಮಹಜರಿನಲ್ಲಿ ಬರಲಿ."

ಅವರು ವಾರೆಯಾಗಿದ್ದ ರುಮಾಲನ್ನು ಸರಿಮಾಡಿಕೊಂಡರು. ಕುದುರೆ ತಲೆ ಕೊಡವುತ್ತಿತ್ತು. ಆಮೇಲೆ ಶೇಕ್ದಾರನಿಂದ ಕಾಗದ, ಮಸಿ ತರಿಸಿ ನನ್ನ ಮುಂದೆ ಇಡಿಸಿದರು.

"ನೀವೇ ಬರೆಯಿರಿ. ನಿಮ್ಮ ಅಕ್ಷರ ದುಂಡಾಗಿದೆ, ಅರ್ಜಿಗಳಲ್ಲಿ ನೋಡಿದ್ದೇನೆ. ಎರಡನ್ನೂ ಬರೆಯಬಹುದು. ಇಲ್ಲ, ಎರಡನ್ನೂ ಬಿಡಬಹುದು. ಬಿಟ್ಟರೆ ನಾನು ಈಗಲೇ ಸ್ಥಳ ನೋಡುತ್ತೇನೆ."

ಅಷ್ಟು ಹೇಳಿ ಅವರು ಬೇಲಿಯ ನೆರಳಿಗೆ ಹೋಗಿ, ಬೆನ್ನು ತಿರುಗಿಸಿ ನಿಂತರು.

ನಾನು ಲೇಖನಿ ಹಿಡಿದು ಆಕೆಯ ಹತ್ತಿರ ಹೋಗಿ ಕೂತೆ. ಆಕೆಯ ಹಣೆಯ ಮೇಲೆ ಬೆವರು ಮಣಿಮಣಿಯಾಗಿ ನಿಂತಿತ್ತು. ಹಲ್ಲು ಕಚ್ಚಿಕೊಂಡಿದ್ದಳು. ವಿಷಯ ಹೇಳಿದೆ. ಗಾಡಿ ಹರಿದದ್ದನ್ನು ಬರೆದರೆ ಮುಂದೆ ವಿಚಾರಣೆಯಾಗುತ್ತದೆ, ಅವಳ ಕಡೆ ನ್ಯಾಯವಿದೆ, ತರೀಕೆರೆಯಲ್ಲಿ ನನಗೆ ಗೊತ್ತಿರುವ ವಕೀಲರಿದ್ದಾರೆ, ಅದು ಮೇಲಿನವರ ತನಕ ಹೋಗುತ್ತದೆ ಎಂದೆಲ್ಲ ಹೇಳಿದೆ. ನನಗೆ ಅವಳು 'ಬರೀರಿ' ಎನ್ನಬೇಕಿತ್ತು. ನಿಜವಾಗಿ ಬೇಕಿತ್ತೇ ಎಂದು ಈಗ ಕೇಳಿಕೊಳ್ಳುತ್ತೇನೆ.

"ಬಿಟ್ರೆ ತಾಕು ನೋಡ್ತಾರಾ?" ಎಂದಳು.

"ನೋಡ್ತಾರೆ. ಈಗಲೇ."

"ಎಲ್ಲಾರ್ದೂ?"

"ಎಲ್ಲರದ್ದೂ."

"ಮತ್ತೆ ನನ್ನೇನ್ ಕೇಳ್ತೀರಿ ಚಿಕ್ಕಬುದ್ಧಿ. ಬಿಟ್ಬಿಡಿ. ಬಿರ್ನೆ ಬರೀರಿ, ಮನ್ಸು ತಿರ್ಗೀತು ಅವ್ರಿಗೆ."

ಬರೆದೆ. ದರಖಾಸ್ತುದಾರರು ಶಾಂತರೀತಿಯಿಂದ ಹಾಜರಿದ್ದರೆಂದು, ಯಾರೂ ಎಲ್ಲೆ ಮೀರಲಿಲ್ಲವೆಂದು, ಅಮಲ್ದಾರರು ಖುದ್ದಾಗಿ ಸ್ಥಳ ಪರಿಶೀಲಿಸಿದರೆಂದು. ಆರು ಸಾಲು. ಅಕ್ಷರ ಕೆಡಲಿಲ್ಲ. ಯಜಮಾನ ಹೆಬ್ಬೆಟ್ಟು ಒತ್ತಿದ. ಅವನ ಹೆಬ್ಬೆಟ್ಟಿನಲ್ಲಿ ಮೊದಲೇ ಇದ್ದ ಕೆಂಪನ್ನು ನಾನು ನನ್ನ ಪಂಚೆಯ ಅಂಚಿನಿಂದ ಒರೆಸಿ, ಆಮೇಲೆ ಮಸಿ ಹಚ್ಚಿದೆ.

ಅಮಲ್ದಾರರು ಮಾತಿಗೆ ತಪ್ಪಲಿಲ್ಲ. ಪಟ್ಟಿಯುದ್ದಕ್ಕೂ ನಡೆದರು. ಕಲ್ಲುಗುಡ್ಡೆಯ ಮುಂದೆ ನಿಂತು, "ಇದು ಯಾರು ಆಯ್ದದ್ದು?" ಎಂದು ಕೇಳಿದರು. ಆ ಹೆಂಗಸಿನ ಗಂಡ ಎಂದು ಶೇಕ್ದಾರ ಹೇಳಿದ. ಅವರು ಮೇಲಿನಿಂದ ಕೆಳಗಿನವರೆಗೆ ಅದನ್ನೊಮ್ಮೆ ನೋಡಿದರು. ಅಂದು ಅವರಿಗೆ ರೈಲು ತಪ್ಪಿತು.

ಆಕೆಯನ್ನು ಅಜ್ಜಂಪುರಕ್ಕೆ, ಅಲ್ಲಿಂದ ತರೀಕೆರೆಯ ಆಸ್ಪತ್ರೆಗೆ ಕರೆದೊಯ್ಯುತ್ತೇನೆಂದೆ. ಕೇರಿಯವರು ಒಪ್ಪಲಿಲ್ಲ. ಆಸ್ಪತ್ರೆಯಲ್ಲಿ ಏನಾಯಿತೆಂದು ಕೇಳುತ್ತಾರೆ, ಹೇಳಿದರೆ ಬರೆದದ್ದು ಸುಳ್ಳಾಗುತ್ತದೆ ಎಂದ ಯಜಮಾನ. ಅವನ ಮಾತು ಸರಿಯಾಗಿತ್ತು. ಆ ಯೋಚನೆಯೂ ನನಗೆ ಬಂದಿರಲಿಲ್ಲ. ಎತ್ತಿನಗಾಡಿಯಲ್ಲಿ ಹುಲ್ಲು ಹಾಸಿ ಯಗಟಿಗೆ ಕರೆದುಕೊಂಡು ಹೋದೆವು. ಅಲ್ಲಿ ಮೂಳೆ ಕಟ್ಟುವ ಮುದುಕನಿದ್ದ. ಮೊಟ್ಟೆಯ ಬಿಳಿಯಲ್ಲಿ ಅದ್ದಿದ ಬಟ್ಟೆ ಸುತ್ತಿ, ಬಿದಿರ ದಬ್ಬೆ ಕಟ್ಟಿದ. "ಮೂರ್ ಕಡೆ ಹೋಗೈತೆ. ನಡೀತಾಳೆ. ನೆಟ್ಟಗ್ ನಡಿಯಲ್ಲ," ಎಂದ. ಹಾಗೇ ಆಯಿತು.

ದಬ್ಬೆ ಬಿಚ್ಚಿದ ಮೇಲೆ ಒಂದು ದಿನ ಕೇರಿಗೆ ಹೋದೆ. ಅಪ್ಪ ಕೇಳಿದ್ದ ಪ್ರಶ್ನೆಗೆ ಉತ್ತರ ಹುಡುಕಿಕೊಂಡು ಹೋದೆನೋ ಏನೋ. ಆಕೆ ಗುಡಿಸಿಲ ಮುಂದೆ ಕಾಲು ಚಾಚಿಕೊಂಡು ಹುರುಳಿ ಕೇರುತ್ತಿದ್ದಳು.

"ಅವತ್ತು ನಾನು ಕೂತ್ಕೊಳ್ಳಿ ಅಂತ ಕೂಗಿದ್ದಕ್ಕೆ ಅಲ್ವಾ ನೀನು ವಾಪಸ್ ಬಂದು ಕೂತಿದ್ದು?" ಎಂದು ಕೇಳಿದೆ.

"ಕೂಗಿದ್ರಾ ಬುದ್ಧಿ?" ಎಂದಳು, ಮೊರದಿಂದ ಕಣ್ಣೆತ್ತದೆ. "ನಂಗ್ ಕೇಳ್ಸ್ಲೇ ಇಲ್ಲ."

ಎಂಬತ್ತು ಜನಕ್ಕೆ ಕೇಳಿಸಿತ್ತು. ಏರಿನಾಚೆಯ ಕುರಿಯವನಿಗೂ ಕೇಳಿಸಿತಂತೆ. ನಾನು ಇನ್ನೊಮ್ಮೆ ಕೇಳಲಿಲ್ಲ.

ಮಂಜೂರಾತಿಯ ಕಾಗದಗಳು ಬರಲು ಒಂದು ಮಳೆಗಾಲ ಕಳೆಯಿತು. ಎಲ್ಲರಿಗೂ ಬರಲಿಲ್ಲ, ಹೆಚ್ಚಿನವರಿಗೆ ಬಂತು. ಆಕೆಗೆ ಎರಡೂವರೆ ಎಕರೆ, ಕಲ್ಲುಗುಡ್ಡೆ ಸೇರಿ. ಉಳುವುದು, ಬಿತ್ತುವುದು ಕೇರಿಯವರು ಮುಯ್ಯಾಳಿನಲ್ಲಿ ಮಾಡಿಕೊಟ್ಟರು. ಇವತ್ತು ನಿನ್ನ ಹೊಲಕ್ಕೆ ನಾನು, ನಾಳೆ ನನ್ನ ಹೊಲಕ್ಕೆ ನೀನು ಎಂಬ ಲೆಕ್ಕ. ಆಕೆಯ ಕಾಲು ಮುಯ್ಯಿ ತೀರಿಸುವಂತಿರಲಿಲ್ಲವಾದ್ದರಿಂದ ತಾಯಿಯ ಪಾಲಿನ ದಿನಗಳನ್ನೂ ಮಗಳೇ ದುಡಿದಳು. ನಾನು ಅದನ್ನು ಕಂಡು ಏನೋ ಅನ್ನಲು ಹೋದಾಗ ಆಕೆ ತಡೆದಳು: "ಇರ್ಲಿ ಬಿಡಿ. ಅವ್ಳು ನಿಮ್ ಕೊಟ್ಗೇಲಿ ಇಲ್ವಲ್ಲ."

ಕಾಗದ ಬಂದ ದಿನ ಅದನ್ನು ಆಕೆಗೆ ಓದಿ ಹೇಳಿದ್ದು ನಾನೇ. ಸರ್ವೆ ನಂಬರು, ಚಕ್ಕುಬಂದಿ, ಹಕ್ಕು, ಷರತ್ತು. ಮಹಜರಿನ ಆಧಾರದ ಮೇಲೆ ಮಂಜೂರಾಗಿದೆ ಎಂಬ ಸಾಲೂ ಇತ್ತು. ಆಕೆ ತಲೆ ಬಾಗಿಸಿ, ಒಂದು ಮಾತೂ ತಪ್ಪಿಸದೆ ಕೇಳಿಸಿಕೊಂಡಳು. ಮುಗಿದ ಮೇಲೆ ಕೇಳಿದಳು:

"ಅದ್ರಾಗೆ ನನ್ ಕಾಲಿನ್ ಸುದ್ದಿ ಏನಾರ ಐತಾ?"

"ಇಲ್ಲ."

"ಎಲ್ಲೂ ಇಲ್ವಾ?"

"ಎಲ್ಲೂ ಇಲ್ಲ."

"ಹೂಂ," ಎಂದಳು. ಕಾಗದವನ್ನು ಮಡಚಿ ಮಗಳ ಕೈಗೆ ಕೊಟ್ಟು, ಗೋಡೆ ಹಿಡಿದು ಎದ್ದು ಒಳಗೆ ಹೋದಳು.

ಆ ಮಹಜರು ಈಗಲೂ ಕಡೂರಿನ ತಾಲ್ಲೂಕು ಕಚೇರಿಯ ಯಾವುದೋ ಕಟ್ಟಿನಲ್ಲಿರಬೇಕು, ನನ್ನ ದುಂಡು ಅಕ್ಷರದಲ್ಲಿ. ಆರು ಸಾಲಿದೆ. ಏಳನೆಯದು ಹೀಗಿರಬೇಕಿತ್ತು: ಅಂದು ಹಗಲು, ಅಜ್ಜಂಪುರದ ರಸ್ತೆಯಲ್ಲಿ, ಎಲ್ಲೆಕಲ್ಲಿನ ಎದುರಿಗೆ, ಅಮಲ್ದಾರರ ಗಾಡಿಯ ಗಾಲಿ ಒಬ್ಬ ಹೆಂಗಸಿನ ಬಲಗಾಲಿನ ಮೇಲೆ ಹರಿಯಿತು. ಅವಳು ಕೂತಿದ್ದಳು. ಕೂರಲು ಹೇಳಿದವನು ನಿಂತಿದ್ದ.